ಹದಿನೆಂಟನೇ ವಿಮಾನದ ಬಲಗಾಲು

ನೆವೆನಾ ಹದಿನಾಲ್ಕು ವರ್ಷ ಕತ್ತಲೆ ಕೋಣೆಯಲ್ಲಿ ಕೂತು ಬೇರೆಯವರ ಇಳಿತಗಳನ್ನು ಓದಿದವಳು. ಬ್ರೆಸ್ತೊವೆನೆ ಹಳ್ಳಿಯ ಪಕ್ಕದ ವಿಮಾನ ನೆಲೆಯಲ್ಲಿ ಪ್ರತಿ ಹಾರಾಟ ಮುಗಿದ ಮೇಲೂ ಮಿಗ್ ವಿಮಾನದ ಒಡಲಿನಿಂದ ಒಂದು ಪುಟ್ಟ ಡಬ್ಬಿ ಬಿಚ್ಚಿ ತಂದು ಅವಳ ಮೇಜಿನ ಮೇಲಿಡುತ್ತಿದ್ದರು. ಅದರೊಳಗೆ ಒಂದು ಸುರುಳಿ ಫಿಲ್ಮು. ಅದನ್ನು ತೊಳೆದು, ಒಣಗಿಸಿ, ದೀಪದ ಗಾಜಿನ ಮೇಲೆ ಹಾಸಿ, ಅಳತೆಪಟ್ಟಿ ಇಟ್ಟು ಗೆರೆಗಳನ್ನು ಓದಬೇಕು. ಎಷ್ಟು ವೇಗ ಇತ್ತು, ಕೊನೆಯ ಕ್ಷಣಗಳಲ್ಲಿ ಎಷ್ಟು ಬಿರುಸಾಗಿ ಕೆಳಗೆ ಬಂತು, ಗಾಲಿ ನೆಲಕ್ಕೆ ಬಡಿದಾಗ ವಿಮಾನ ತನ್ನ ತೂಕದ ಎಷ್ಟು ಪಟ್ಟು ಭಾರ ತಿಂದಿತು. ಆ ಕೊನೆಯ ಅಂಕಿ ಎರಡೂವರೆ ದಾಟಿದರೆ ಮೆಕ್ಯಾನಿಕರು ವಿಮಾನವನ್ನು ಜಾಕಿನ ಮೇಲೆತ್ತಿ ಅದರ ಗಾಲಿ ಹೊತ್ತ ಕಾಲುಗಳಲ್ಲಿ ಬಿರುಕು ಹುಡುಕಲೇಬೇಕು. ಅಂಕಿ ಅದಕ್ಕಿಂತ ಕಡಿಮೆಯಿದ್ದರೆ ವಿಮಾನ ಮರುದಿನ ಹಾರಲು ತಯಾರು.

"ಹೆಂಡ್ತಿಗೆ ಸುಳ್ಳು ಹೇಳ್ಬಹುದು, ಕರ್ನಲ್‌ಗೂ ಹೇಳ್ಬಹುದು. ನೆವೆನಾಗೆ ಹೇಳೋಕಾಗಲ್ಲ" ಎಂದು ಪೈಲಟ್‌ಗಳು ತಮಾಷೆ ಮಾಡುತ್ತಿದ್ದರು. ಅವಳು ನಗುತ್ತಿದ್ದಳು. ಮೊದಲ ನಾಲ್ಕು ವರ್ಷ ಆ ಮಾತು ನಿಜವೂ ಆಗಿತ್ತು.

ನೆಲೆ ಮುಚ್ಚಿದ ವರ್ಷ ಕಾಗದಪತ್ರಗಳನ್ನೆಲ್ಲ ಗುಂಡಿಗೆ ಹಾಕಿ ಸುಟ್ಟರು. ನೆವೆನಾ ತನ್ನ ಕೈಬರಹದ ಹನ್ನೊಂದು ದಾಖಲೆ ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡು ಹಸ್ಕೋವೊದ ಮನೆಗೆ ತಂದಳು. ಯಾಕೆ ಎಂದು ಗಂಡ ಕೇಳಿದಾಗ, ಇಷ್ಟು ವರ್ಷ ಬರೆದದ್ದು ಬೂದಿಯಾಗುವುದನ್ನು ನೋಡಲಾರೆ ಎಂದಳು. ಗಂಡ ತೀರಿಕೊಂಡ. ಅವಳು ಫೋಟೊ ಅಂಗಡಿಯಲ್ಲಿ, ಆಮೇಲೆ ಒಂದು ಶಾಲೆಯ ಕಚೇರಿಯಲ್ಲಿ ದುಡಿದು ನಿವೃತ್ತಳಾದಳು. ಪುಸ್ತಕಗಳು ಉಪ್ಪಿನಕಾಯಿ ಜಾಡಿಗಳ ಹಿಂದೆ ಕಪಾಟಿನಲ್ಲೇ ಇದ್ದವು. ಏಳನೆಯ ಪುಸ್ತಕವನ್ನು ಮಾತ್ರ ಅವಳು ಒಮ್ಮೆಯೂ ತೆರೆಯಲಿಲ್ಲ.

ಅರವತ್ತೆರಡನೇ ವಯಸ್ಸಿನಲ್ಲಿ ಅವಳಿಗೆ ರಾಲಿತ್ಸಾ ಎಂಬ ಹೆಂಗಸಿನಿಂದ ಫೋನು ಬಂತು. ಊರಿನ ಹಳೆಯ ತಂಬಾಕು ಗೋದಾಮಿನ ಮೇಲ್ಮಹಡಿಯಲ್ಲಿ ನಾಲ್ಕು ಜನ ಸೇರಿ, ಜನ ಮನೆಯ ಕಂಪ್ಯೂಟರಿನಲ್ಲಿ ಹಾರಿಸುವ ಮಿಗ್-21 ಒಂದನ್ನು ಕಟ್ಟುತ್ತಿದ್ದರು. ರಾಲಿತ್ಸಾ ಅವರ ಪೈಕಿ ಲೆಕ್ಕ ಮಾಡುವವಳು.

"ಚಿಕ್ಕಮ್ಮ, ನಮ್ಮ ವಿಮಾನ ಹಾರೋದು ಚೆನ್ನಾಗೇ ಹಾರುತ್ತೆ" ಎಂದಳು. "ಇಳಿಯೋದು ಮಾತ್ರ ಹತ್ತಿ ಮೂಟೆ ಮೇಲೆ ಬಿದ್ದ ಹಾಗೆ. ಹೇಗೆ ಬಡಿದ್ರೂ ಕಾಲು ಮುರಿಯಲ್ಲ, ಮೂತಿ ಕುಕ್ಕಲ್ಲ. ಆಡೋರು ಉಗೀತಿದಾರೆ. ನಿಮ್ಮ ಹತ್ರ ನಿಜವಾದ ಇಳಿತದ ಅಂಕಿ ಇವೆ ಅಂತ ಯಾರೋ ಹೇಳಿದ್ರು."

ಇಲ್ಲ ಎನ್ನಬಹುದಿತ್ತು. ಆದರೆ ತನ್ನ ಕೆಲಸವನ್ನು ಯಾರೋ ಕೇಳಿಕೊಂಡು ಬಂದದ್ದು ಇಪ್ಪತ್ತು ವರ್ಷದಲ್ಲಿ ಇದೇ ಮೊದಲು. ಹತ್ತು ಪುಸ್ತಕ ಕೊಟ್ಟರೆ ಸಾಕು ಎಂದುಕೊಂಡಳು. ಹತ್ತೇ ಕೊಟ್ಟರೆ ಏಳನೆಯದು ಎಲ್ಲಿ ಎಂದು ಕೇಳುತ್ತಾರೆ ಎಂದೂ ಅನಿಸಿತು. ಕೊನೆಗೆ ಹನ್ನೊಂದನ್ನೂ ಹೊತ್ತು ಗುರುವಾರ ಗೋದಾಮಿನ ಮೆಟ್ಟಿಲು ಹತ್ತಿದಳು.

ಒಳಗೆ ಕಿಟಕಿಯ ಬಳಿ ಹಳೆಯ ಕಾರಿನ ಸೀಟೊಂದನ್ನು ಹಲಗೆಗೆ ಬಿಗಿದು, ಮುಂದೆ ದೊಡ್ಡ ಪರದೆ ಇಟ್ಟಿದ್ದರು. ಸೀಟಿನಲ್ಲಿ ಕೂತ ಮುದುಕ ಒಂದು ಕಾಲನ್ನು ಚಾಚಿಕೊಂಡೇ ಹಿಡಿಕೆ ಹಿಡಿದಿದ್ದ. ಅವನು ತಿರುಗುವ ಮೊದಲೇ, ಆ ಚಾಚಿದ ಕಾಲು ನೋಡಿಯೇ ನೆವೆನಾಗೆ ಗುರುತು ಸಿಕ್ಕಿತು. ಚೀಲ ಕೈಯಿಂದ ಜಾರಿತು.

"ನಮ್ಮ ಫಿಲ್ಮಿನ ನೆವೆನಾ ಅಲ್ವಾ ಇದು?" ಎಂದ ಸ್ವಿಲೆನ್. "ಬಾ, ಬಾ. ರಾಲಿತ್ಸಾ, ಇವಳು ಯಾರು ಗೊತ್ತಾ? ನಾನು ವಿಮಾನ ಮುರ್ಕೊಂಡು ಆಸ್ಪತ್ರೆಲಿ ಬಿದ್ದಿದ್ದಾಗ ಇಡೀ ನೆಲೆಯಿಂದ ನನ್ನ ನೋಡೋಕೆ ಬಂದ ಒಬ್ಬಳೇ ಮನುಷ್ಯಳು. ಮಿಕ್ಕವರಿಗೆಲ್ಲ ನನ್ನ ಗ್ರಹಚಾರ ಅಂಟುತ್ತೆ ಅಂತ ಭಯ. ಇವಳು ಬಂದು, ಚೆರ್ರಿ ಹಣ್ಣಿನ ಬಾಟ್ಲಿ ಇಟ್ಟು, ಒಂದು ಗಂಟೆ ಸುಮ್ನೆ ಕೂತು ಹೋದಳು. ಒಂದು ಮಾತಿಲ್ಲ. ಅಂಥ ಮರ್ಯಾದಸ್ತೆ."

"ನಮಸ್ಕಾರ, ಕ್ಯಾಪ್ಟನ್" ಎಂದಳು ನೆವೆನಾ. ಬಾಗಿ ಪುಸ್ತಕಗಳನ್ನು ಹೆಕ್ಕತೊಡಗಿದಳು, ಮುಖ ಎತ್ತಬೇಕಾಗಿ ಬಾರದಿರಲಿ ಎಂದು.

ಅವಳು ಆ ದಿನ ಆಸ್ಪತ್ರೆಗೆ ಹೋದದ್ದು ಸಮಾಧಾನ ಹೇಳುವುದಕ್ಕಲ್ಲ.

ಅದಕ್ಕೆ ಎರಡು ವಾರ ಮೊದಲು, ಮಾರ್ಚಿನಲ್ಲಿ, ಉಪಕಮಾಂಡರ್ ಕಮೆನ್ ಹದಿನೆಂಟನೇ ನಂಬರಿನ ವಿಮಾನವನ್ನು ರನ್‌ವೇಗೆ ಕುಕ್ಕಿದ್ದ. ಅಡ್ಡಗಾಳಿಯಿತ್ತು, ಎಂಜಿನನ್ನು ಬೇಗ ತಗ್ಗಿಸಿದ. ಮಿಗ್ ವಿಮಾನದ ಎಂಜಿನ್ ತಗ್ಗಿಸಿದರೆ ಅದು ತೇಲುವುದಿಲ್ಲ, ಇಟ್ಟಿಗೆಯ ಹಾಗೆ ಬೀಳುತ್ತದೆ. ಫಿಲ್ಮು ಇನ್ನೂ ಒದ್ದೆಯಾಗಿ ನೇತಾಡುತ್ತಿದ್ದಾಗಲೇ ಅವನು ಕತ್ತಲೆ ಕೋಣೆಯ ಬಾಗಿಲು ತಟ್ಟಿದ. ಅಲ್ಲಿಯತನಕ ಅವಳ ಹೆಸರು ಅವನಿಗೆ ಗೊತ್ತಿದೆ ಎಂದೇ ಅವಳಿಗೆ ಗೊತ್ತಿರಲಿಲ್ಲ.

"ನೆವೆನಾ, ಇವತ್ತು ಸ್ವಲ್ಪ ಜೋರಾಯ್ತು" ಎಂದಿದ್ದ. "ಈ ವಾರ ಸೋಫಿಯಾದ ದೊಡ್ಡ ಅಧಿಕಾರಿಗಳು ನನ್ನ ಬಡ್ತಿ ಕಾಗದ ನೋಡ್ತಾರೆ. ವಿಮಾನಕ್ಕೇನೂ ಆಗಿಲ್ಲ, ನಾನೇ ಸುತ್ತು ಹಾಕಿ ನೋಡಿದೀನಿ. ನೀನು ಬುದ್ಧಿವಂತೆ. ನಿನಗೆ ಬಿಡಿಸಿ ಹೇಳ್ಬೇಕಾ?"

ಫಿಲ್ಮಿನಲ್ಲಿ ಮೂರು ದಶಾಂಶ ನಾಲ್ಕು ಇತ್ತು. ಅವಳು ಎರಡು ದಶಾಂಶ ಒಂದು ಎಂದು ಬರೆದಳು. ಅವನು ಹೆದರಿಸಲಿಲ್ಲ, ಏನೂ ಕೊಡಲಿಲ್ಲ, ಕೊಡುತ್ತೇನೆಂದೂ ಹೇಳಲಿಲ್ಲ. ಮುಂದಿನ ವರ್ಷಗಳಲ್ಲಿ ಅವಳನ್ನು ಸುಟ್ಟದ್ದು ಇದೇ. ಹೆದರಿ ಮಾಡಿದೆ ಎನ್ನಲು ದಾರಿಯಿರಲಿಲ್ಲ. ದೊಡ್ಡ ಮನುಷ್ಯ ಹೆಸರು ಹಿಡಿದು ಕರೆದ, ಬುದ್ಧಿವಂತೆ ಎಂದ, ಅವಳಿಗೆ ಖುಷಿಯಾಯಿತು. ಅವತ್ತು ಸಂಜೆ ಬಸ್ಸಿನಲ್ಲಿ ಮನೆಗೆ ಹೋಗುವಾಗ ಒಳಗೊಳಗೇ ಹಾಡಿಕೊಂಡಿದ್ದಳು.

ಮರುದಿನ ಅದೇ ವಿಮಾನವನ್ನು ಸ್ವಿಲೆನ್ ಹಾರಿಸಿದ. ಇಳಿಯುವಾಗ ವಿಮಾನದ ಬಲಗಾಲು ಮುರಿಯಿತು. ವಿಮಾನ ರನ್‌ವೇ ಬಿಟ್ಟು ಉತ್ತ ಹೊಲಕ್ಕೆ ನುಗ್ಗಿತು, ಅವನ ಸೊಂಟದ ಮೂಳೆ ಮುರಿಯಿತು. ಆ ಫಿಲ್ಮನ್ನೂ ನೆವೆನಾಳೇ ಓದಿದಳು. ಎರಡು ದಶಾಂಶ ಎರಡು. ಸಾಧಾರಣ ಇಳಿತ. ವಿಚಾರಣೆಗೆ ಕೂತವರಲ್ಲಿ ಕಮೆನ್ ಕೂಡ ಒಬ್ಬ. ಹಿಂದಿನ ದಿನದ ದಾಖಲೆ ಸ್ವಚ್ಛವಾಗಿದೆ, ಆದ್ದರಿಂದ ಕಾಲಿನಲ್ಲಿ ದೋಷವಿರಲಿಲ್ಲ, ಆದ್ದರಿಂದ ಪೈಲಟ್ ವಿಮಾನವನ್ನು ಓರೆಯಾಗಿ, ಒಂದೇ ಗಾಲಿಯ ಮೇಲೆ ಇಳಿಸಿರಬೇಕು; ಓರೆಹೊಡೆತ ಫಿಲ್ಮಿನಲ್ಲಿ ಕಾಣುವುದಿಲ್ಲ. ಹೀಗೆ ತೀರ್ಪಾಯಿತು. "ದಾಖಲೆ ನಿಮ್ಮದೇ ತಾನೇ?" ಎಂದು ಕೇಳಿದರು. ನೆವೆನಾ ಎದ್ದು ನಿಂತು ಹೌದು ಎಂದಳು.

ಆಸ್ಪತ್ರೆಗೆ ನಿಜ ಹೇಳಲೆಂದೇ ಹೋಗಿದ್ದಳು. ಒಂದು ಗಂಟೆ ಬಾಯಿ ತೆರೆಯಲು ನೋಡಿ, ಬಾಟಲಿ ಇಟ್ಟು ಬಂದಳು.

ಗೋದಾಮಿನ ಕೆಲಸ ಆ ವಸಂತವಿಡೀ ನಡೆಯಿತು. ಪ್ರತಿ ಗುರುವಾರ ನೆವೆನಾ ಪುಸ್ತಕ ಹಿಡಿದು ಅಂಕಿ ಓದುವಳು, ರಾಲಿತ್ಸಾ ಕಂಪ್ಯೂಟರಿಗೆ ಹಾಕುವಳು, ಸ್ವಿಲೆನ್ ಸೀಟಿನಲ್ಲಿ ಕೂತು ಇಳಿಸಿ ನೋಡುವನು. ಈಗ ಅವನು ಜೇನು ಸಾಕುತ್ತಿದ್ದ. ಅಂಗಿಗೆ ಸದಾ ಹೊಗೆಯ ವಾಸನೆ. ಪರದೆಯಲ್ಲಿ ವಿಮಾನ ನೆಲ ಮುಟ್ಟಿದ ಕೂಡಲೇ ಅವನ ಬಾಯಿ ಶುರುವಾಗುತ್ತಿತ್ತು.

"ಇದು ವಿಮಾನ ಅಲ್ಲ, ಮದುವೆ ಮಂಚ. ಇಷ್ಟು ಮೆತ್ತಗಾ? ನೋಡು ತಾಯಿ, ಕಾಲು ಒಳಗೆ ಕುಗ್ಗೋದು ಬೇಗ, ಮೇಲೆ ಬರೋದು ನಿಧಾನ. ನಿಂದು ಚೆಂಡಿನ ಹಾಗೆ ಪುಟೀತಿದೆ."

"ನಿಧಾನ ಅಂದ್ರೆ ಎಷ್ಟು, ಮಾವ?"

"ಬೇಡದ ನೆಂಟ ಎದ್ದು ಹೊರಡೋವಷ್ಟು."

ಎಲ್ಲರೂ ನಕ್ಕರು. ರಾಲಿತ್ಸಾ ಅದಕ್ಕೂ ಒಂದು ಅಂಕಿ ಕಂಡುಕೊಂಡಳು. ವೇಗ ಇಳಿದಾಗ ಮೂತಿ ಹೇಗೆ ದೊಪ್ಪನೆ ಕೂರುತ್ತದೆ, ವೇಗ ತಗ್ಗಿಸುವ ಹಿಂದಿನ ಪ್ಯಾರಾಚೂಟ್ ಬಿಚ್ಚಿದಾಗ ವಿಮಾನ ಹೇಗೆ ಜಗ್ಗಿ ನಿಧಾನಿಸುತ್ತದೆ, ಅಡ್ಡಗಾಳಿಗೆ ಬಾಲ ಹೇಗೆ ಕೊಸರುತ್ತದೆ, ಒಂದೊಂದೇ ಸರಿಹೋಯಿತು. ನೆವೆನಾಗೆ ಅಲ್ಲಿ ಕೂರುವುದು ಹಿಂಸೆಯೂ ಆಗಿತ್ತು, ಇಷ್ಟವೂ ಆಗಿತ್ತು. ಸ್ವಿಲೆನ್ ಅವಳಿಗೆಂದು ಜೇನು ತರುತ್ತಿದ್ದ. ಬೇಡ ಎನ್ನಲು ಕಾರಣ ಸಿಗದೆ ತೆಗೆದುಕೊಳ್ಳುತ್ತಿದ್ದಳು. ಮನೆಯಲ್ಲಿ ಆ ಬಾಟಲಿಗಳ ಮುಚ್ಚಳ ತೆರೆಯುತ್ತಿರಲಿಲ್ಲ.

ಮೇ ತಿಂಗಳಲ್ಲಿ ರಾಲಿತ್ಸಾ ಏಳನೆಯ ಪುಸ್ತಕಕ್ಕೆ ಬಂದಳು.

"ಚಿಕ್ಕಮ್ಮ, ಇಲ್ಲೊಂದು ವಿಚಿತ್ರ" ಎಂದಳು. ಸ್ವಿಲೆನ್ ಅವತ್ತು ಬಂದಿರಲಿಲ್ಲ. "ಕೆಳಗೆ ಬರೋ ಬಿರುಸು ಹೆಚ್ಚಾದಷ್ಟೂ ಹೊಡೆತ ಹೆಚ್ಚು. ನಿಮ್ಮ ಸಾವಿರಾರು ಇಳಿತ ಒಂದೇ ಗೆರೆ ಹಿಡಿದು ಕೂರ್ತವೆ. ಈ ಒಂದು ಮಾತ್ರ ಕೂರ್ತಿಲ್ಲ. ಹದಿನೆಂಟನೇ ವಿಮಾನ, ಮಾರ್ಚ್. ಇಳಿದ ಬಿರುಸು ನೋಡಿದ್ರೆ ಮೂರರ ಮೇಲೆ ಬರ್ಬೇಕು. ನೀವು ಎರಡು ಪಾಯಿಂಟ್ ಒಂದು ಅಂತ ಬರ್ದಿದೀರ."

ಕೊನೆಯ ಅಂಕಣವನ್ನಷ್ಟೇ ತಿದ್ದಿದ್ದಳು ಆಗ. ಉಳಿದವನ್ನು ಯಾರೂ ನೋಡುವುದಿಲ್ಲ ಎಂದು ಗೊತ್ತಿತ್ತು. ಮೂವತ್ತೆರಡು ವರ್ಷ ಯಾರೂ ನೋಡಿರಲಿಲ್ಲ.

"ಕೈತಪ್ಪಿರ್ಬೇಕು" ಎಂದಳು ನೆವೆನಾ.

"ಹಾಗಾದ್ರೆ ಇದನ್ನ ಬಿಟ್ಬಿಡ್ತೀನಿ."

"ಬಿಡು."

ಆ ಬಿಡು ಎಂಬ ಮಾತು ಎಷ್ಟು ಸಲೀಸಾಗಿ ಬಂತೆಂದು ಅವಳಿಗೇ ಹೇಸಿಗೆಯಾಯಿತು. ಮೂವತ್ತರ ಹರೆಯದಲ್ಲಿ ಬರೆದ ಸುಳ್ಳಿಗೆ ಅರವತ್ತೆರಡರಲ್ಲಿ ಮತ್ತೊಮ್ಮೆ ಸಹಿ ಹಾಕಿದ್ದಳು, ಈ ಸಲ ಯಾರೂ ಕೇಳಿಕೊಳ್ಳದೆ.

ಮುಂದಿನ ಗುರುವಾರ ಸ್ವಿಲೆನ್ ಒಂದು ಬೇಡಿಕೆ ಇಟ್ಟ. ಅವನು ಗೋದಾಮಿಗೆ ಬರುತ್ತಿದ್ದುದೇ ಇದಕ್ಕಾಗಿ ಎಂದು ಅವಳಿಗೆ ಆಗ ತಿಳಿಯಿತು.

"ನನ್ನ ಆ ಇಳಿತ ಹಾಕ್ಕೊಡು, ರಾಲಿತ್ಸಾ. ಅದೇ ತೂಕ, ಅದೇ ಗಾಳಿ. ನಾನು ಹೇಗೆ ಮುರಿದೆ ಅಂತ ಒಂದ್ಸಲ ನೋಡ್ಬೇಕು."

ಇಳಿಸಿದ. ಕಾಲು ಮುರಿಯಲಿಲ್ಲ. ಓರೆಯಾಗಿ ಇಳಿಸಿದ. ಮುರಿಯಲಿಲ್ಲ. ಒಂದೇ ಗಾಲಿಯ ಮೇಲೆ ಇಳಿಸಿದ. ವಿಮಾನ ಕುಂಟಿ, ತೂಗಿ, ನೆಟ್ಟಗಾಗಿ ಓಡಿತು. ಹದಿನೈದು ಸಲ ಇಳಿಸಿ ಬೆವರು ಒರೆಸಿಕೊಂಡ.

"ನಿನ್ನ ವಿಮಾನದ ಕಾಲು ಇನ್ನೂ ತುಂಬ ಗಟ್ಟಿ. ಬಲ ಕಮ್ಮಿ ಮಾಡು."

ರಾಲಿತ್ಸಾ ಅವನ ಮಾತಿಗೆ ಬೆಲೆ ಕೊಡುವವಳು. ಎಷ್ಟೆಂದರೂ ನಿಜವಾಗಿ ಇಳಿದವನು ಅವನು. ವಾರವಿಡೀ ಕೂತು ಕಾಲಿನ ಬಲ ತಗ್ಗಿಸಿದಳು. ಆದರೆ ಬಂದ ಗುರುವಾರ ಅವಳ ಮುಖ ಸಪ್ಪಗಿತ್ತು.

"ಆಗಲ್ಲ, ಮಾವ. ನಿಮ್ಮದು ಮುರೀಬೇಕು ಅಂತ ಮಾಡಿದ್ರೆ, ಪುಸ್ತಕದಲ್ಲಿ ಕ್ಷೇಮವಾಗಿ ಇಳಿದ ಆರುನೂರು ಇಳಿತದಲ್ಲೂ ಕಾಲು ಮುರೀತಿದೆ."

"ಹಾಗಾದ್ರೆ ಪುಸ್ತಕ ಸುಳ್ಳು" ಎಂದ ಸ್ವಿಲೆನ್. ಕೂಡಲೇ ನೆವೆನಾಳತ್ತ ತಿರುಗಿದ. "ಬೇಜಾರ್ ಮಾಡ್ಕೋಬೇಡ. ನಿನ್ನ ಪುಸ್ತಕ ಸುಳ್ಳಲ್ಲ, ನಂಗೊತ್ತು. ನನ್ನ ನೆನಪೇ ಸುಳ್ಳು. ನಾನೇ ಇನ್ನೂ ಜೋರಾಗಿ, ಇನ್ನೂ ಕೆಟ್ಟದಾಗಿ ಬಡಿದಿರ್ಬೇಕು. ಇಷ್ಟು ವರ್ಷ ನಾನು ನನ್ನ ಮೇಲೆ ಸ್ವಲ್ಪ ಕರುಣೆ ಇಟ್ಕೊಂಡೇ ನೆನಪು ಮಾಡ್ಕೊಂಡಿದೀನಿ ಅನ್ಸುತ್ತೆ."

ಅಷ್ಟು ಹೇಳಿ ಮತ್ತೆ ಹಿಡಿಕೆ ಹಿಡಿದು, ಈ ಸಲ ಬೇಕೆಂದೇ ವಿಮಾನವನ್ನು ನೆಲಕ್ಕೆ ಅಪ್ಪಳಿಸಿದ. ಬಲಗಾಲು ಮುರಿಯಿತು. "ಹಾಂ" ಎಂದ ಮೆಲ್ಲಗೆ. "ಇಷ್ಟು ಕೆಟ್ಟದಾಗಿ."

ನೆವೆನಾ ಎದ್ದಳು. ಮೆಟ್ಟಿಲಿಗೆ ಬಂದು ಕೂತಳು. ಹಿಂದೆಯೇ ಬಂದ ರಾಲಿತ್ಸಾಳಿಗೆ ಎಲ್ಲವನ್ನೂ, ಕತ್ತಲೆ ಕೋಣೆ, ಒದ್ದೆ ಫಿಲ್ಮು, ಮೂರು ದಶಾಂಶ ನಾಲ್ಕು, ಹೇಳಿಬಿಟ್ಟಳು. ಹೇಳಿ, ನಾಚಿಕೆಯಿಲ್ಲದೆ ಇನ್ನೊಂದು ಮಾತನ್ನೂ ಸೇರಿಸಿದಳು.

"ನೀನು ಸುಮ್ನೆ ಸರಿಮಾಡ್ಬಿಡು. ಆ ವಿಮಾನದ ಕಾಲಲ್ಲಿ ಮೊದಲೇ ಬಿರುಕಿತ್ತು ಅಂತ ಕಂಪ್ಯೂಟರೇ ಕಂಡುಹಿಡೀತು ಅಂತ ಹೇಳು. ನನ್ನ ಹೆಸರು ಯಾಕೆ ಬೇಕು?"

ರಾಲಿತ್ಸಾ ಬಾಗಿಲ ಹಿಡಿಗೆ ಕೈ ಹಾಕಿದಳು.

"ಚಿಕ್ಕಮ್ಮ, ಲೆಕ್ಕ ನಾನು ಸರಿ ಮಾಡ್ತೀನಿ. ಇದನ್ನ ನಾನು ಹೇಳಲ್ಲ" ಎಂದು ಒಳಗೆ ಹೋದಳು. ಬಾಗಿಲನ್ನು ಜೋರಾಗಿಯೂ ಹಾಕಲಿಲ್ಲ.

ಶನಿವಾರ ನೆವೆನಾ ಬಸ್ಸು ಹಿಡಿದು ಸ್ವಿಲೆನ್‌ನ ಹಳ್ಳಿಗೆ ಹೋದಳು. ಅಕೇಶಿಯಾ ಮರಗಳ ಕೆಳಗೆ ಅವನು ಜೇನುಪೆಟ್ಟಿಗೆಯೊಂದರ ಮುಚ್ಚಳ ತೆಗೆದು ಕೂತಿದ್ದ. ಅವಳನ್ನು ಕಂಡು ಮುಖ ಅರಳಿಸಿ, ಹತ್ತಿರ ಬರಬೇಡ, ಕಚ್ಚುತ್ತವೆ ಎಂದು ಕೈ ಬೀಸಿದ. ಅವಳು ಹತ್ತಿರವೇ ಹೋದಳು. ಈ ಸಲ ಕೂತುಕೊಳ್ಳಲಿಲ್ಲ, ಕೂತರೆ ಮತ್ತೆ ಒಂದು ಗಂಟೆ ಕಳೆದುಹೋಗುತ್ತದೆ ಎಂದು.

"ಕ್ಯಾಪ್ಟನ್, ಕಾಲು ನೀವು ಮುರೀಲಿಲ್ಲ. ಹಿಂದಿನ ದಿನ ಕಮೆನ್ ಮುರಿದಿದ್ರು. ಮೂರು ಪಾಯಿಂಟ್ ನಾಲ್ಕು. ನಾನು ಎರಡು ಪಾಯಿಂಟ್ ಒಂದು ಅಂತ ಬರ್ದೆ."

ಸ್ವಿಲೆನ್ ಕೈಯಲ್ಲಿದ್ದ ಜೇನುಹಲಗೆಯನ್ನು ಪೆಟ್ಟಿಗೆಗೆ ಇಳಿಸಿದ. ಮುಚ್ಚಳ ಹಾಕಿದ. ಹೊಗೆಡಬ್ಬಿ ಕೆಳಗಿಟ್ಟ.

"ಎಷ್ಟು ಅಂದೆ?"

"ಮೂರು ಪಾಯಿಂಟ್ ನಾಲ್ಕು."

"ನಂದು?"

"ಎರಡು ಪಾಯಿಂಟ್ ಎರಡು. ಒಳ್ಳೇ ಇಳಿತ ನಿಮ್ಮದು."

"ಕಮೆನ್ ಏನು ಕೊಟ್ಟ ನಿಂಗೆ?"

"ಏನೂ ಇಲ್ಲ."

"ಹೆದರಿಸಿದ್ನಾ?"

"ಇಲ್ಲ."

ಅವನು ಅವಳನ್ನೇ ನೋಡಿದ. ಹೆದರಿಸಿದ ಎಂದು ಅವಳು ಹೇಳಲಿ ಎಂದು ಅವನೇ ಬಯಸಿದಂತಿತ್ತು. ಆಮೇಲೆ ಕೇಳಿದ:

"ಆಸ್ಪತ್ರೆಗೆ ಬಂದಿದ್ದು ಇದಕ್ಕಾ?"

"ಹೌದು. ಹೇಳೋಕೆ ಬಂದೆ. ಆಗಲಿಲ್ಲ."

ಸ್ವಿಲೆನ್ ಪೆಟ್ಟಿಗೆಯ ಮೇಲೆ ಕೈಯೂರಿ ಎದ್ದ. ಕಾಲು ಎಳೆಯುತ್ತ ನಾಲ್ಕು ಹೆಜ್ಜೆ ಹೋಗಿ, ಬೆನ್ನು ತಿರುಗಿಸಿಕೊಂಡೇ ಮಾತಾಡಿದ.

"ನಮ್ಮಪ್ಪ ಬೀಗ ರಿಪೇರಿ ಮಾಡೋನು. ಮಗ ಪೈಲಟ್ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗ್ತಿದ್ದ. ಆ ತೀರ್ಪು ಬಂದ ಮೇಲೆ ಕಾಫಿ ಅಂಗಡಿಗೆ ಹೋಗೋದೇ ಬಿಟ್ಟ. ಸಾಯೋ ಮುಂಚೆ ನನ್ನ ಕೇಳ್ದ, ನಿಜ ಹೇಳು, ನೀನೇನಾ ತಪ್ಪು ಮಾಡಿದ್ದು ಅಂತ. ನಾನೇ ಅಪ್ಪ ಅಂದೆ." ಸ್ವಲ್ಪ ತಡೆದ. "ಆಗೆಲ್ಲ ನಾನು ಏನಂದ್ಕೋತಿದ್ದೆ ಗೊತ್ತಾ? ಹಾಳಾಗಿ ಹೋಗ್ಲಿ, ಒಬ್ಬ ಹೆಂಗಸಾದ್ರೂ ನನ್ನ ನೋಡೋಕೆ ಬಂದಿದ್ಳು. ಅದನ್ನೂ ತಗೊಂಡು ಹೋಗೋಕೆ ಬಂದ್ರಾ ಇವತ್ತು?"

ಮಾತು ನೀನು ಎಂಬಲ್ಲಿಂದ ನೀವು ಎಂಬಲ್ಲಿಗೆ ಹೊರಳಿದ್ದು ಅವಳಿಗೆ ಕೇಳಿಸಿತು. ಕ್ಷಮಿಸಿ ಎನ್ನಬೇಕೆಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದಳು. ಆ ಬೆನ್ನಿಗೆ ಅದನ್ನು ಹೇಳುವುದು ಅವನಿಂದ ಇನ್ನೂ ಒಂದನ್ನು ಕೇಳಿ ಪಡೆದ ಹಾಗೆ ಅನಿಸಿ ಹೇಳಲಿಲ್ಲ.

"ಮೂರು ಗಂಟೆಗೆ ಬಸ್ಸಿದೆ" ಎಂದ ಸ್ವಿಲೆನ್. "ಹೋಗಿ."

ಬಸ್ ನಿಲ್ದಾಣದಲ್ಲಿ ಕೂತಾಗಲೇ ಅವಳಿಗೆ ಗೊತ್ತಾದದ್ದು, ಕುತ್ತಿಗೆಗೆ ಎರಡು ಕಡೆ ಜೇನು ಕಚ್ಚಿತ್ತು.

ಆ ತಿಂಗಳ ಕೊನೆಗೆ ಅವಳು ನಡೆದದ್ದನ್ನೆಲ್ಲ ಎರಡು ಪುಟ ಬರೆದು, ಸಹಿ ಹಾಕಿ, ನೆಲೆಯ ಹಳಬರ ಸಂಘಕ್ಕೆ ಕೊಟ್ಟಳು. ವರ್ಷದ ಊಟದ ದಿನ ಕಾರ್ಯದರ್ಶಿ ಅದನ್ನು ಓದಿದ. ಸ್ವಿಲೆನ್ ಬಂದಿರಲಿಲ್ಲ, ಕಮೆನ್ ಈಗ ಬದುಕಿರಲಿಲ್ಲ. ತನ್ನನ್ನು ಎದ್ದು ಹೋಗು ಎನ್ನುತ್ತಾರೆ, ಮುಖ ತಿರುಗಿಸುತ್ತಾರೆ ಎಂದು ನೆವೆನಾ ಸಿದ್ಧಳಾಗಿ ಹೋಗಿದ್ದಳು. ಯಾರೂ ಹಾಗೆ ಮಾಡಲಿಲ್ಲ.

"ಬಿಡು ನೆವೆನಾ, ಆಗಿನ ಕಾಲವೇ ಹಾಗಿತ್ತು" ಎಂದ ಒಬ್ಬ, ಅವಳ ಲೋಟಕ್ಕೆ ರಾಕಿಯಾ ಸಾರಾಯಿ ಸುರಿಯುತ್ತ. "ನೀನು ಬರೀದಿದ್ರೆ ಇನ್ನೊಬ್ಬಳ ಕೈಲಿ ಬರೆಸ್ತಿದ್ದ."

"ಇನ್ನೊಬ್ಬಳು ಇರ್ಲಿಲ್ಲ" ಎಂದಳು ನೆವೆನಾ. "ಆ ಕೋಣೆಲಿ ನಾನೊಬ್ಬಳೇ ಇದ್ದಿದ್ದು."

ಅವನು ಭುಜ ಕುಣಿಸಿ ಪಕ್ಕದವನ ಲೋಟಕ್ಕೆ ತಿರುಗಿದ. ಬೈದಿದ್ದರೆ ಹೊತ್ತುಕೊಂಡು ಮನೆಗೆ ಹೋಗಬಹುದಿತ್ತು. ಈ ಸಮಾಧಾನವನ್ನು ಎಲ್ಲಿಡುವುದೆಂದು ತಿಳಿಯದೆ ಅವಳು ಊಟ ಮುಗಿಯುವ ಮೊದಲೇ ಎದ್ದುಬಂದಳು. ಸಂಘದವರು ರಕ್ಷಣಾ ಸಚಿವಾಲಯಕ್ಕೆ ಪತ್ರ ಬರೆದರು. ವಿಚಾರಣೆಯ ಕಡತ ಸಿಗಲಿಲ್ಲ, ಆದರೂ ಹೇಳಿಕೆಯನ್ನು ದಾಖಲಿಸಿಕೊಂಡಿದ್ದೇವೆ ಎಂದು ಉತ್ತರ ಬಂತು. ಅದರ ಪ್ರತಿಯನ್ನು ಸ್ವಿಲೆನ್‌ಗೂ ಕಳಿಸಿದರು.

ಗೋದಾಮಿನಲ್ಲಿ ರಾಲಿತ್ಸಾ ಕಾಲಿನ ಬಲವನ್ನು ಮೊದಲಿನ ಅಳತೆಗೆ ತಂದಳು. ಜೊತೆಗೆ ಹೊಸದೊಂದನ್ನು ಸೇರಿಸಿದಳು. ಒಮ್ಮೆ ಜೋರಾಗಿ ಕುಕ್ಕಿದ ವಿಮಾನ ಅದನ್ನು ನೆನಪಿಟ್ಟುಕೊಳ್ಳುತ್ತದೆ, ಪರೀಕ್ಷಿಸದೆ ಮತ್ತೆ ಹಾರಿಸಿದರೆ ಮುಂದಿನ ಸಾಧಾರಣ ಇಳಿತದಲ್ಲೂ ಕಾಲು ಮುರಿಯಬಹುದು. ಆಡುವವರಿಗೆ ಅದು ಮೊದಲು ಸಿಟ್ಟು ತರಿಸಿತು, ಆಮೇಲೆ ಹಿಡಿಸಿತು. ಇಳಿದ ಮೇಲೆ ಜನ ವಿಮಾನವನ್ನು ಜಾಕಿನ ಮೇಲೆ ಎತ್ತಿಸತೊಡಗಿದರು. ನೆವೆನಾ ಗುರುವಾರಗಳಂದು ಹೋಗುವುದನ್ನು ಬಿಡಲಿಲ್ಲ. ಉಳಿದ ಪುಸ್ತಕಗಳ ಅಂಕಿ ಇನ್ನೂ ಇದ್ದವು, ಮತ್ತು ರಾಲಿತ್ಸಾ ಬರಬೇಡಿ ಎಂದಿರಲಿಲ್ಲ. ಚಿಕ್ಕಮ್ಮ ಎನ್ನುವುದನ್ನು ಮಾತ್ರ ಬಿಟ್ಟಿದ್ದಳು. ಯಾವ ಹೆಸರೂ ಹಿಡಿಯದೆ ಮಾತಾಡುತ್ತಿದ್ದಳು.

ಅಕ್ಟೋಬರಿನಲ್ಲಿ ಸ್ವಿಲೆನ್ ಬಂದ. ಸೊರಗಿದ್ದ. ನೆವೆನಾ ಕೋಟು ಎತ್ತಿಕೊಂಡು ಹೊರಡಲು ಎದ್ದಳು.

"ಎಲ್ಲಿಗೆ?" ಎಂದ ಅವಳನ್ನು ನೋಡದೆ. "ಓದೋರು ಯಾರು ಮತ್ತೆ? ಕೂತ್ಕೊಳ್ಳಿ."

ಅವಳು ಕೂತಳು. ಅವನು ಸೀಟಿಗೆ ಇಳಿದು, ಕಾಲು ಚಾಚಿ, ವಿಮಾನವನ್ನು ಒಂದು ಸುತ್ತು ತಿರುಗಿಸಿ ತಂದು ಇಳಿಸಿದ. ಗಾಲಿ ಮುಟ್ಟಿತು, ಕುಗ್ಗಿತು, ನಿಧಾನವಾಗಿ ಮೇಲೆದ್ದಿತು. ಮೂತಿ ಕೂತಿತು. ಕಾಲು ನಿಂತಿತು.

"ಎಷ್ಟು?"

"ಒಂದು ಪಾಯಿಂಟ್ ಒಂಬತ್ತು."

"ಸರಿಯಾಗಿ ನೋಡಿ."

ನೆವೆನಾ ಕುರ್ಚಿಯಿಂದ ಎದ್ದಳು. ಕನ್ನಡಕ ಒರೆಸಿ, ಪರದೆಯ ಹತ್ತಿರ ಬಾಗಿ, ರಾಲಿತ್ಸಾಳ ಮುಂದೆ, ಉಳಿದ ಮೂವರ ಮುಂದೆ, ಮತ್ತೆ ಮೊದಲಿನಿಂದ ಓದಿದಳು. ಅಂಕಿ ಅದೇ ಇತ್ತು. ಸ್ವಿಲೆನ್ ರಾಲಿತ್ಸಾಳತ್ತ ನೋಡಿದ, ಅವಳು ಹೌದೆಂದ ಮೇಲೆ ಮಾತ್ರ ಮುಂದಿನ ಹಾರಾಟಕ್ಕೆ ಹೊರಟ.

ಅಂದಿನಿಂದ ಪ್ರತಿ ಗುರುವಾರ ಹೀಗೆಯೇ ನಡೆಯುತ್ತದೆ. ಅವನು ಇಳಿಸುತ್ತಾನೆ, ಅವಳು ಓದುತ್ತಾಳೆ, ಅವನು ರಾಲಿತ್ಸಾಳನ್ನು ಕೇಳಿ ಖಚಿತ ಮಾಡಿಕೊಳ್ಳುತ್ತಾನೆ. ನೆವೆನಾಳೊಂದಿಗೆ ಬೇರೆ ಮಾತಿಲ್ಲ. ಜೇನು ತರುತ್ತಾನೆ, ಮಿಕ್ಕ ನಾಲ್ವರಿಗೆ.